ಹತ್ಯಾರ ನೋಡಿ ಕೆಲಸಗಾರನನ್ನು ಅಳೆಯಬಹುದೇ?



ಆಯುಧಪೂಜೆಯ ದಿನ ಬೆಳಿಗ್ಗೆ ಯಾವ ರೈತರ ಮನೆಗೆ ಹೋದರೂ ಒಂದೇ ನೋಟ. ಅಂಗಳ ಸಾರಿಸಿ ರಂಗೋಲಿ ಹಾಕಿರುತ್ತಾರೆ. ನೇಗಿಲು, ಕುಂಟೆ, ಕೂರಿಗೆ, ಗುದ್ದಲಿ, ಕುಡುಗೋಲು, ಮಚ್ಚು ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿರುತ್ತಾರೆ. ಟ್ರ್ಯಾಕ್ಟರ್ ಇದ್ದವರು ಅದಕ್ಕೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆಯುತ್ತಾರೆ. ಆದರೆ ಔಷಧಿ ಹೊಡೆಯುವ ಪಂಪು ಮಾತ್ರ ಅನೇಕ ಮನೆಗಳಲ್ಲಿ ಆ ಸಾಲಿನಲ್ಲಿ ಇರುವುದಿಲ್ಲ. ಅದು ಕೊಟ್ಟಿಗೆಯ ಹಿಂದೆ, ಹಿಂದಿನ ಸಲದ ಔಷಧಿಯನ್ನು ತಳದಲ್ಲಿ ಹಾಗೆಯೇ ಇಟ್ಟುಕೊಂಡು, ಬಿಸಿಲಿಗೆ ಬಿದ್ದಿರುತ್ತದೆ.

ವರ್ಷಕ್ಕೊಂದು ದಿನದ ಪೂಜೆಯಿಂದ ಹತ್ಯಾರ ಹರಿತವಾಗುವುದಿಲ್ಲ ಎಂಬುದು ನಿಮಗೆ ತಿಳಿಯದ ಸಂಗತಿಯಲ್ಲ. ಇಂದು ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಬೇರೊಂದು ಪ್ರಶ್ನೆ. ಬೇಸಾಯದಲ್ಲಿ ಈಗ ಎಲ್ಲ ಕೆಲಸವನ್ನೂ ಮನೆಯವರೇ ಮಾಡುವುದಿಲ್ಲ. ಬಿತ್ತುವುದಕ್ಕೆ, ಔಷಧಿ ಹೊಡೆಯುವುದಕ್ಕೆ, ಗಿಡ ಸವರುವುದಕ್ಕೆ, ಕೊಯ್ಲಿಗೆ ಹೊರಗಿನ ಕೆಲಸಗಾರರನ್ನು ಕರೆಯುತ್ತೇವೆ. ಅವನ ಕೆಲಸವನ್ನು ಮೊದಲು ಕಂಡಿರುವುದಿಲ್ಲ. ಅವನು ತಂದ ಸಾಮಾನನ್ನಷ್ಟೇ ಕಾಣುತ್ತೇವೆ. ಅದನ್ನು ನೋಡಿ ಅವನ ಕಸುಬನ್ನು ಅಳೆಯಬಹುದೇ?

ನಮ್ಮ ಹಿರಿಯರಿಗೂ ಈ ಪ್ರಶ್ನೆ ಹೊಸದಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಇದೆ. ಕೈಯಲ್ಲಿ ಕಸುಬು ಇಲ್ಲದವನು ಸಾಮಾನಿನ ಮೇಲೆ ತಪ್ಪು ಹೊರಿಸುತ್ತಾನೆ ಎಂಬುದು ಅದರ ತಾತ್ಪರ್ಯ. ಗಾದೆ ಸರಿಯೇ. ಆದರೆ ಹಾಳು ಸಾಮಾನು ಹಿಡಿದು ಬಂದವನು ಒಳ್ಳೆಯ ಕೆಲಸ ಮಾಡಿಯಾನೆಂದು ಅದು ಹೇಳುವುದಿಲ್ಲ. ಇಪ್ಪತ್ತು ವರ್ಷ ಹೊಲಗಳಲ್ಲಿ ಓಡಾಡಿದ ಮೇಲೆ ನನಗೆ ಮನವರಿಕೆಯಾಗಿರುವುದು ಇಷ್ಟು: ಸಾಮಾನಿನ ಬೆಲೆ ಕೆಲಸಗಾರನ ಬಗ್ಗೆ ಏನನ್ನೂ ಹೇಳುವುದಿಲ್ಲ. ಕೆಲಸ ಶುರುವಾಗುವ ಮೊದಲು ಹತ್ತು ನಿಮಿಷ, ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಅವನು ಆ ಸಾಮಾನಿನೊಡನೆ ಏನು ಮಾಡುತ್ತಾನೆ ಎಂಬುದು ಬಹುಮಟ್ಟಿಗೆ ಎಲ್ಲವನ್ನೂ ಹೇಳುತ್ತದೆ. ಇದನ್ನು ನಾನು ಒಂದು ತಪ್ಪು ಮಾಡಿ ಕಲಿತೆ. ಅದನ್ನೂ ಮುಂದೆ ಹೇಳುತ್ತೇನೆ.

ಸವೆತ ಬೇರೆ, ತುಕ್ಕು ಬೇರೆ

ಮೊದಲು ಸಣ್ಣ ಹತ್ಯಾರದಿಂದಲೇ ಆರಂಭಿಸೋಣ. ಕೊಯ್ಲಿಗೆ ಬಂದ ಆಳಿನ ಕುಡುಗೋಲನ್ನು ಕೈಗೆ ತೆಗೆದುಕೊಂಡು ನೋಡಿ. ವರ್ಷವರ್ಷವೂ ಕಮ್ಮಾರನಲ್ಲಿ ಕಕ್ಕು ಹಾಕಿಸಿ ಹಾಕಿಸಿ ಅದರ ಅಲಗು ಸಣ್ಣಗಾಗಿರುತ್ತದೆ. ಹಿಡಿ ಅಂಗೈಗೆ ಹೊಂದಿ ನುಣುಪಾಗಿರುತ್ತದೆ. ಇದು ಸವೆತ. ಅದು ದುಡಿಮೆಯ ಗುರುತು. ಅಲಗು ದಪ್ಪವಾಗಿಯೇ ಇದ್ದು, ಕೆಂಪಗೆ ತುಕ್ಕು ಹಿಡಿದು, ಹಿಡಿ ಅಲುಗಾಡುತ್ತಿದ್ದರೆ ಅದು ಅಲಕ್ಷ್ಯದ ಗುರುತು. ಎರಡೂ ಹಳೆಯ ಕುಡುಗೋಲುಗಳೇ. ಆದರೆ ಎರಡೂ ಒಂದೇ ಮಾತನ್ನು ಹೇಳುವುದಿಲ್ಲ.

ಆದ್ದರಿಂದ ಹಳೆಯದು, ಹೊಸದು ಎಂಬ ಲೆಕ್ಕವನ್ನು ಬದಿಗಿಡಿ.

ಕೂರಿಗೆಯ ಪಾಠ

ಬಯಲುಸೀಮೆಯ ಒಂದು ಹಳ್ಳಿಯಲ್ಲಿ ವಯಸ್ಸಾದ ಗಂಡ ಹೆಂಡತಿ ರಾಗಿ ಬಿತ್ತುವುದನ್ನು ಒಮ್ಮೆ ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಆ ಭಾಗದಲ್ಲಿ ರೂಢಿಯಲ್ಲಿರುವ ಹನ್ನೆರಡು ಸಾಲಿನ ಮರದ ಕೂರಿಗೆ ಅದು. ತಾಳುಗಳಲ್ಲಿ ಎರಡನ್ನು ಬೇರೆ ಮರದಿಂದ ಮಾಡಿ ಕೂಡಿಸಿದ್ದರು. ಬಿದಿರಿನ ಕೊಳವೆಯೊಂದು ಸೀಳಿದ್ದರಿಂದ ನಾರಿನಿಂದ ಬಿಗಿದು ಕಟ್ಟಿದ್ದರು. ಪೇಟೆಯವರು ಕಂಡರೆ ಸೌದೆ ಎಂದುಕೊಂಡಾರು.

ಎತ್ತು ಹೂಡುವ ಮೊದಲು ಆ ತಾಯಿ ಒಂದು ಹಿಡಿ ಬೀಜವನ್ನು ಬಟ್ಟಲಿಗೆ ಬಿಟ್ಟರು. ಯಜಮಾನರು ಬಗ್ಗಿ ಹನ್ನೆರಡು ಕೊಳವೆಗಳ ಬಾಯನ್ನೂ ನೋಡಿದರು. ಒಂದರಲ್ಲಿ ಬೀಜ ಕಡಿಮೆ ಬಿತ್ತು. ಕಡ್ಡಿಯಿಂದ ತಟ್ಟಿದರು, ಒಣಗಿದ ಮಣ್ಣಿನ ಹೆಂಟೆ ಉದುರಿತು. ಮತ್ತೊಮ್ಮೆ ಬಿಟ್ಟು ನೋಡಿ, ಆಮೇಲೆ ಎತ್ತು ಹೂಡಿದರು. ಸಾಲಿನ ಕೊನೆಯಲ್ಲಿ ತಿರುಗಿಸುವಾಗಲೂ ಪ್ರತಿ ಸಲ ತಾಳುಗಳ ಕಡೆಗೆ ಒಂದು ನೋಟ.

ಪಕ್ಕದ ಹೊಲಕ್ಕೆ ಅದೇ ವಾರ ಹೊಸ ಟ್ರ್ಯಾಕ್ಟರ್ ಕೂರಿಗೆ ಬಂದಿತ್ತು. ಬಣ್ಣ ಇನ್ನೂ ಮಾಸಿರಲಿಲ್ಲ. ಚಾಲಕ ಬಂದವನೇ ಇಳಿಸಿ ಬಿತ್ತಲು ತೊಡಗಿದ. ಒಂದು ಕೊಳವೆಗೆ ಹಸಿಮಣ್ಣು ಮೆತ್ತಿಕೊಂಡದ್ದು ಯಾರಿಗೂ ಕಾಣಲಿಲ್ಲ. ಮೊಳಕೆ ಎದ್ದ ಮೇಲೆ ನೋಡಿದರೆ ಹೊಲದ ಉದ್ದಕ್ಕೂ ಪ್ರತಿ ಸುತ್ತಿಗೆ ಒಂದೊಂದು ಸಾಲು ಬರಿದು. ಅಷ್ಟರಲ್ಲಿ ಭೂಮಿಯ ಹದ ಹೋಗಿತ್ತು. ಮಳೆಯಾಶ್ರಯದ ಬೇಸಾಯದಲ್ಲಿ ಹದ ತಪ್ಪಿದರೆ ಮತ್ತೆ ಬಿತ್ತುವ ಮಾತೆಲ್ಲಿ?

ಇದರಿಂದ ಮರದ ಕೂರಿಗೆಯೇ ಮೇಲು, ಯಂತ್ರ ಕೀಳು ಎಂದು ತಿಳಿಯಬೇಡಿ. ಅದೇ ಚಾಲಕ ಮರುವರ್ಷ ಬಿತ್ತುವ ಮೊದಲು ಕೊಳವೆಗಳನ್ನು ಬಿಚ್ಚಿ ನೋಡುವುದನ್ನು ನಾನು ಕಂಡೆ. ಹದ ಹಾರುವುದರೊಳಗೆ ಹತ್ತಾರು ರೈತರ ಹೊಲ ಬಿತ್ತಿಕೊಟ್ಟ. ಎತ್ತಿನ ಕೂರಿಗೆಯಿಂದ ಅದು ಆಗುವ ಕೆಲಸವಲ್ಲ.

ಯಂತ್ರದ ಕೂರಿಗೆಯನ್ನು ಬಾಡಿಗೆಗೆ ಕರೆದಾಗ ಬೀಜದ ಪ್ರಮಾಣವನ್ನು ಹೊಂದಿಸಿದ್ದಾನೆಯೇ ಎಂದು ಕೇಳಿ. ಲೆಕ್ಕ ಸುಲಭ. ಕೂರಿಗೆಯ ಚಾಲನಾ ಚಕ್ರದ ಸುತ್ತಳತೆ 1.5 ಮೀಟರ್, ನಾಲ್ಕು ಸಾಲು, ಸಾಲಿನ ಅಂತರ 45 ಸೆಂ.ಮೀ. ಎಂದುಕೊಳ್ಳಿ. ಒಟ್ಟು ಅಗಲ 1.8 ಮೀಟರ್. ಚಕ್ರವನ್ನು ನೆಲದಿಂದ ಎತ್ತಿ ಕೈಯಿಂದ 20 ಸುತ್ತು ತಿರುಗಿಸಿದರೆ 54 ಚದರ ಮೀಟರ್ ಬಿತ್ತಿದಂತೆ. ಒಂದು ಎಕರೆಗೆ ಇಂಥವು ಸುಮಾರು 75. ಎಕರೆಗೆ 3 ಕಿಲೋ ಜೋಳ ಬೀಳಬೇಕಾದರೆ ಆ 20 ಸುತ್ತಿಗೆ ಎಲ್ಲ ಕೊಳವೆಗಳಿಂದ ಒಟ್ಟು 40 ಗ್ರಾಂ ಬೀಜ ಬೀಳಬೇಕು. ಕೊಳವೆಗಳ ಕೆಳಗೆ ಚೀಲ ಕಟ್ಟಿ, ಬಿದ್ದ ಬೀಜವನ್ನು ತೂಗಿ ನೋಡಿದರಾಯಿತು. ಕಸುಬು ಬಲ್ಲ ಚಾಲಕ ಇದಕ್ಕೆ ಬೇಸರಪಡುವುದಿಲ್ಲ. 'ಎಲ್ಲಾ ಸರಿಯಾಗಿದೆ, ಸುಮ್ಮನಿರಿ ಯಜಮಾನ್ರೇ' ಎನ್ನುವವನ ಬಗ್ಗೆ ಜಾಗ್ರತೆಯಿಂದಿರಿ.

ಬೆನ್ನ ಮೇಲಿನ ಪಂಪು

ಹತ್ಯಾರದ ಸ್ಥಿತಿ ಪ್ರಾಣಕ್ಕೇ ಸಂಬಂಧಪಡುವುದು ಔಷಧಿ ಹೊಡೆಯುವ ಕೆಲಸದಲ್ಲಿ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕೀಟನಾಶಕ ಹೊಡೆಯುತ್ತಿದ್ದ ಇಪ್ಪತ್ತಕ್ಕೂ ಹೆಚ್ಚು ರೈತರೂ ಕೂಲಿಗಳೂ ವಿಷವೇರಿ ಸತ್ತರು. ನೂರಾರು ಮಂದಿ ಆಸ್ಪತ್ರೆ ಸೇರಿದರು. ಆಳೆತ್ತರ ಬೆಳೆದ ಹತ್ತಿಯ ನಡುವೆ ರಕ್ಷಣೆಯ ಉಡುಪಿಲ್ಲದೆ ಅವರು ದುಡಿದಿದ್ದರು. ನಮ್ಮ ಕಡೆಯೂ ಹತ್ತಿ, ತೊಗರಿ ಎತ್ತರ ಬೆಳೆಯುತ್ತವೆ. ನಮ್ಮ ಕಡೆಯೂ ಪಂಪಿನ ಮುಚ್ಚಳದಿಂದ ಸೋರಿದ ಔಷಧಿ ಅಂಗಿಯ ಬೆನ್ನನ್ನು ತೋಯಿಸುತ್ತದೆ.

ಪಂಪು ಹೊತ್ತು ಬಂದವನ ಕಸುಬನ್ನು ತಿಳಿಯಲು ನಾಜಲನ್ನು ನೋಡಿ. ಕುಡುಗೋಲು ಸವೆದರೆ ಶೋಭೆ, ನಾಜಲು ಸವೆದರೆ ನಷ್ಟ. ತೂತು ದೊಡ್ಡದಾದಂತೆ ಹನಿ ದಪ್ಪಗಾಗಿ ಎಲೆಯಿಂದ ಜಾರಿ ನೆಲಕ್ಕೆ ಬೀಳುತ್ತದೆ. ಅದೇ ಜಾತಿಯ ಹೊಸ ನಾಜಲಿನಿಂದ ಒಂದು ನಿಮಿಷಕ್ಕೆ 500 ಮಿಲಿ ಲೀಟರ್ ನೀರು ಬರುತ್ತಿದ್ದು, ಹಳೆಯದರಿಂದ 550ಕ್ಕಿಂತ ಹೆಚ್ಚು ಬಂದರೆ, ಅಂದರೆ ಹತ್ತಕ್ಕೆ ಒಂದು ಪಾಲು ಹೆಚ್ಚಾದರೆ, ಅದನ್ನು ಬಿಸಾಡಬೇಕು. ಹಿತ್ತಾಳೆಯ ನಾಜಲು ಬೇಗ ಸವೆಯುತ್ತದೆ. ಪಿಂಗಾಣಿಯದು ಹೆಚ್ಚು ಕಾಲ ಬಾಳುತ್ತದೆ. ಕಸ ಕಟ್ಟಿದ ನಾಜಲಿಗೆ ತಂತಿ ಚುಚ್ಚುವವನು, ಬಾಯಿಟ್ಟು ಊದುವವನು ಕಸುಬು ತಿಳಿಯದವನು. ತಂತಿ ತೂತನ್ನು ಕೆಡಿಸುತ್ತದೆ, ಊದುವುದು ಮನುಷ್ಯನನ್ನೇ ಕೆಡಿಸುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಜೊತೆಗೆ ತಂದಿರುವವನನ್ನು ಕಂಡರೆ ಇವನು ಬಲ್ಲವನು ಎಂದು ತಿಳಿಯಿರಿ. ಕೀಟಕ್ಕೂ ರೋಗಕ್ಕೂ ಕೊಡೆಯಂತೆ ದುಂಡಗೆ ಹರಡುವ ನಾಜಲು, ಕಳೆನಾಶಕಕ್ಕೆ ಬೀಸಣಿಗೆಯಂತೆ ಚಪ್ಪಟೆಯಾಗಿ ಹರಡುವ ನಾಜಲು ಬೇಕು. ಎರಡಕ್ಕೂ ಒಂದೇ ನಾಜಲು ಸಾಕೆನ್ನುವವನನ್ನು ನಂಬಬೇಡಿ.

ಇನ್ನು ಪ್ರಮಾಣ. ಒಂದು ಗುಂಟೆ ಜಾಗವನ್ನು, ಅಂದರೆ 33 ಅಡಿ ಉದ್ದ 33 ಅಡಿ ಅಗಲದ ತುಂಡನ್ನು ಗುರುತು ಹಾಕಿ. ಬರೀ ನೀರು ತುಂಬಿ ಎಂದಿನ ನಡಿಗೆಯಲ್ಲೇ ಹೊಡೆಯಲು ಹೇಳಿ. 5 ಲೀಟರ್ ಖರ್ಚಾದರೆ 40 ಗುಂಟೆಯ ಎಕರೆಗೆ 200 ಲೀಟರ್. 16 ಲೀಟರ್ ಪಂಪಿನಲ್ಲಿ ಹನ್ನೆರಡೂವರೆ ಟ್ಯಾಂಕು. ಚೀಟಿಯ ಮೇಲೆ ಎಕರೆಗೆ 200 ಮಿಲಿ ಲೀಟರ್ ಔಷಧಿ ಎಂದಿದ್ದರೆ ಟ್ಯಾಂಕಿಗೆ 16 ಮಿಲಿ ಲೀಟರ್. ನಡಿಗೆ ನಿಧಾನವಾಗಿ ಅಥವಾ ನಾಜಲು ಸವೆದು ಗುಂಟೆಗೆ 8 ಲೀಟರ್ ಖರ್ಚಾಗುತ್ತಿದ್ದರೆ ಅದೇ ಅಳತೆಯಲ್ಲಿ ಎಕರೆಗೆ 320 ಮಿಲಿ ಲೀಟರ್ ಔಷಧಿ ಹೋಗುತ್ತದೆ. ಹಣವೂ ದಂಡ, ಬೆಳೆಗೂ ಕೇಡು. ಬಾಟಲಿಯ ಮುಚ್ಚಳವನ್ನೇ ಅಳತೆ ಮಾಡಿಕೊಂಡವನ ಕೈಗೆ ಎಷ್ಟು ಬೆಲೆಯ ಪಂಪು ಕೊಟ್ಟರೂ ಪ್ರಯೋಜನವಿಲ್ಲ.

ಕೆಲಸದ ನಂತರದ ಹತ್ತು ನಿಮಿಷ ಇಲ್ಲಿ ಇನ್ನೂ ಮುಖ್ಯ. ಕಬ್ಬಿನಲ್ಲಿ 2,4-ಡಿ ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಹತ್ತಿಗೋ ಟೊಮೆಟೊಗೋ ದ್ರಾಕ್ಷಿಗೋ ಬಳಸಿದರೆ ಎಲೆಗಳು ಮುರುಟಿ ಗಿಡ ಕೆಡುತ್ತದೆ. ರೋಗವೆಂದು ತಿಳಿದು ಅಂಗಡಿಯಿಂದ ಮತ್ತೊಂದು ಔಷಧಿ ತಂದು ಹೊಡೆದವರನ್ನು ನಾನು ಕಂಡಿದ್ದೇನೆ. ಕಳೆನಾಶಕಕ್ಕೆ ಬೇರೆ ಪಂಪು ಇಡುವುದೇ ಕ್ಷೇಮ. ಯಾವ ಔಷಧಿಯೇ ಆಗಲಿ, ಹೊಡೆದ ಮೇಲೆ ಮೂರು ಸಲ ನೀರು ತುಂಬಿ, ನಾಜಲಿನ ಮೂಲಕವೇ ಹಾಯಿಸಿ ತೊಳೆಯಬೇಕು. ಆ ನೀರನ್ನು ಬಾವಿ, ಕೆರೆ, ಕಾಲುವೆಗಳ ಬಳಿ ಚೆಲ್ಲಬಾರದು.

ಇಲ್ಲೊಂದು ಮಾತು. ಅನೇಕ ಊರುಗಳಲ್ಲಿ ಪಂಪು ಹೊರುವವನು ಕೂಲಿ, ಪಂಪು ಮಾತ್ರ ಹೊಲದೊಡೆಯನದು. ಸೋರುವ ಪಂಪನ್ನು ಬಡವನ ಬೆನ್ನಿಗೇರಿಸಿ, ಇವನಿಗೆ ಕಸುಬು ಗೊತ್ತಿಲ್ಲ ಎನ್ನುವುದು ನ್ಯಾಯವಲ್ಲ. ವಾಷರ್, ಕೈಚೀಲ, ಮುಖವಸ್ತ್ರ, ತೊಳೆಯಲು ಸೋಪು ಇವನ್ನು ಒದಗಿಸುವುದು ಕೆಲಸಕ್ಕೆ ಕರೆದವರ ಹೊಣೆ. ಆ ಪಂಪು ಹೇಳುವುದು ಅವನ ಯೋಗ್ಯತೆಯನ್ನಲ್ಲ, ನಮ್ಮದನ್ನು.

ಬೋರ್ಡೋ ದ್ರಾವಣ ಮತ್ತು ಒಂದು ಚಾಕು

ಮಲೆನಾಡಿನ ಓದುಗರಿಗೆ ಬೋರ್ಡೋ ದ್ರಾವಣದ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಕೊನೆಗಳಿಗೆ ಈ ದ್ರಾವಣ ಸಿಂಪಡಿಸುವುದನ್ನು ಬಳಕೆಗೆ ತಂದರು. ಅಂದಿನಿಂದ ಪಂಪುಗಳು ಬದಲಾಗಿವೆ. ನೆಲದ ಮೇಲೆ ನಿಂತೇ ಉದ್ದನೆಯ ದೋಟಿಯಿಂದ ಹೊಡೆಯುವ ಸಾಧನಗಳೂ ಬಂದಿವೆ. ಆದರೆ ದ್ರಾವಣದ ಹದ ಬದಲಾಗಿಲ್ಲ.

100 ಲೀಟರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ. ಎರಡನ್ನೂ ಬೇರೆಬೇರೆಯಾಗಿ 50 ಲೀಟರ್ ನೀರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಸುಣ್ಣದ ಗುಣ ಎಲ್ಲ ಕಡೆ ಒಂದೇ ಅಲ್ಲವಾದ್ದರಿಂದ ಹದ ನೋಡಲೇಬೇಕು. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಗಂದು ಬಣ್ಣ ಕುಳಿತರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ. ಹಾಗೆಯೇ ಹೊಡೆದರೆ ಎಳೆಯ ಕಾಯಿ, ಎಲೆ ಸುಡುತ್ತವೆ. ಇನ್ನಷ್ಟು ಸುಣ್ಣದ ನೀರು ಬೆರೆಸಿ, ಚಾಕು ಬಣ್ಣ ತಿರುಗದವರೆಗೆ ನೋಡಬೇಕು. ಮಾಡಿದ ದ್ರಾವಣವನ್ನು ಅಂದೇ ಮುಗಿಸಬೇಕು.

ತೋಟಕ್ಕೆ ಬಂದ ತಂಡದ ಪಂಪಿನ ಶಕ್ತಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಚಾಕು ಇದೆಯೇ ಎಂದು ಕೇಳುವವರು ಕಡಿಮೆ. ನನಗೆ ಕೇಳಿದರೆ ಆ ಕೆಲಸದ ಮುಖ್ಯ ಹತ್ಯಾರವೇ ಆ ಚಾಕು.

ನಾನು ಮಾಡಿದ ತಪ್ಪು

ಈಗ ನನ್ನ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಉತ್ತರದ ಒಣಸೀಮೆಯ ತಾಲ್ಲೂಕೊಂದರಲ್ಲಿದ್ದಾಗ ಒಬ್ಬ ದಾಳಿಂಬೆ ಬೆಳೆಗಾರರು ಕಚೇರಿಗೆ ಬಂದರು. ಎರಡು ಎಕರೆ ತೋಟ, ಒಳ್ಳೆಯ ಗಿಡ. ಚಾಟಣಿಗೆ ಎರಡು ತಂಡದವರು ಒಪ್ಪಿದ್ದಾರೆ, ಯಾರನ್ನು ಕರೆಯಲಿ ಎಂದು ಕೇಳಿದರು. ನಾನೇ ಹೋಗಿ ಇಬ್ಬರನ್ನೂ ಮಾತನಾಡಿಸಿದೆ. ಮೊದಲನೆಯ ತಂಡದವರ ಬಳಿ ಹೊಳೆಯುವ ಹೊಸ ಕತ್ತರಿಗಳು, ಸೊಂಟಕ್ಕೆ ಚರ್ಮದ ಚೀಲ, ಓಡಾಡಲು ಗಾಡಿ. ಎರಡನೆಯದು ಒಬ್ಬ ಹಿರಿಯನ ತಂಡ. ಕತ್ತರಿಯ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ್ದರು. ಜೊತೆಗೊಂದು ಹಳೆಯ ಪ್ಲಾಸ್ಟಿಕ್ ಬಕೆಟ್ಟು. ಮೊದಲನೆಯವರನ್ನು ಕರೆಯಿರಿ ಎಂದು ನಾನೇ ಹೇಳಿದೆ.

ಅವರು ಬೇರೊಂದು ತೋಟದ ಕೆಲಸ ಮುಗಿಸಿ ನೇರವಾಗಿ ಇಲ್ಲಿಗೆ ಬಂದರು. ಬೇಗ ಬೇಗನೆ, ಅಚ್ಚುಕಟ್ಟಾಗಿಯೇ ಸವರಿ ಹೋದರು. ಮಳೆ ಬಿದ್ದ ಮೇಲೆ ಎಲೆಗಳ ಮೇಲೆ ಎಣ್ಣೆ ಹತ್ತಿದಂಥ ಚುಕ್ಕೆ, ಕಾಯಿಗಳ ಮೇಲೆ ಕಪ್ಪು ಕಲೆ, ಆಮೇಲೆ ಬಿರುಕು. ದುಂಡಾಣು ಅಂಗಮಾರಿ. ಮೊದಲನೆಯ ತಂಡದವರು ಬರುವ ಮುನ್ನ ಸವರಿದ್ದ ತೋಟದಲ್ಲಿ ರೋಗವಿತ್ತೆಂದು ಆಮೇಲೆ ತಿಳಿಯಿತು. ಈ ರೋಗ ನಾಟಿಯ ಸಸಿಯಿಂದಲೂ ಬರುತ್ತದೆ, ಮಳೆಗಾಳಿಯಿಂದಲೂ ಹರಡುತ್ತದೆ. ಆದ್ದರಿಂದ ಕತ್ತರಿಯೊಂದೇ ಕಾರಣ ಎಂದು ಆಣೆಯಿಟ್ಟು ಹೇಳಲಾರೆ. ಆದರೆ ರೋಗದ ಗಿಡ ಸವರಿದ ಕತ್ತರಿಯನ್ನು ಶುದ್ಧಿ ಮಾಡದೆ ಮುಂದಿನ ಗಿಡಕ್ಕೆ ಹಾಕಿದರೆ ರೋಗ ಹರಡುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಒಂದು ಗಿಡದಿಂದ ಮತ್ತೊಂದಕ್ಕೆ ಹೋಗುವಾಗ ಕತ್ತರಿಯನ್ನು ಶೇಕಡ 2.5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಆ ದ್ರಾವಣ ಕಬ್ಬಿಣವನ್ನು ತಿನ್ನುವುದರಿಂದ ಸಂಜೆ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಬೇಕು. ಆ ಹಿರಿಯನ ಹಳೆಯ ಬಕೆಟ್ಟು ಇದಕ್ಕಾಗಿಯೇ ಇತ್ತು. ಅವರ ಕತ್ತರಿಗಳ ಹೊಳಪು ಹೋಗಿದ್ದುದೂ ದಿನವೂ ಅದ್ದಿದ್ದರಿಂದಲೇ. ಆ ದಿನ ಬಕೆಟ್ಟು ಏತಕ್ಕೆ ಎಂದು ಒಂದು ಮಾತು ಕೇಳಲಿಲ್ಲ.

ಬೆಳೆಗಾರರು ಆ ವರ್ಷದ ಫಸಲನ್ನೂ, ಎರಡು ವರ್ಷಗಳಲ್ಲಿ ತೋಟವನ್ನೂ ಕಳೆದುಕೊಂಡರು. ಗಿಡ ಕೀಳಿಸಿದ ದಿನ ನಾನು ಹೋಗಿದ್ದೆ. ಅವರು ಸಿಟ್ಟು ಮಾಡಲಿಲ್ಲ. 'ಸಾಹೇಬ್ರ, ನಾವಿಬ್ರೂ ಕತ್ತರಿ ನೋಡಿದ್ವಿ, ಬಕೆಟ್ ನೋಡಲಿಲ್ರಿ' ಎಂದರು. ಬಿಎಸ್ಸಿ ಓದಿದವನು ನಾನು. ಆ ಮಾತಿಗೆ ಉತ್ತರ ಇರಲಿಲ್ಲ.

ಕರೆಯುವ ಮುನ್ನ ಕೇಳತಕ್ಕ ಮಾತುಗಳು

1. ಇದಕ್ಕೆ ಮೊದಲು ಯಾವ ತೋಟದಲ್ಲಿ, ಯಾವ ಕೆಲಸ ಮಾಡಿ ಬಂದಿರಿ? ಸಾಮಾನನ್ನು ಹೇಗೆ ತೊಳೆದಿರಿ?

2. ಬಿತ್ತುವವರಾದರೆ: ಬೀಜ ಬೀಳುವ ಪ್ರಮಾಣವನ್ನು ನನ್ನ ಕಣ್ಣೆದುರಿಗೆ ತೂಗಿ ತೋರಿಸುತ್ತೀರಾ?

3. ಔಷಧಿ ಹೊಡೆಯುವವರಾದರೆ: ಈ ಪಂಪಿನಲ್ಲಿ ಕಳೆನಾಶಕ ಹಾಕಿದ್ದಿರಾ? ಒಂದು ಗುಂಟೆಗೆ ನೀರು ಹೊಡೆದು ತೋರಿಸುತ್ತೀರಾ?

4. ಗಿಡ ಸವರುವವರಾದರೆ: ಕತ್ತರಿ ಅದ್ದಲು ಏನು ತಂದಿದ್ದೀರಿ?

ಬಲ್ಲವನು ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರ ಕೊಡುತ್ತಾನೆ. ಕೇಳುವವರಿಲ್ಲದೆ ಎಷ್ಟೋ ದಿನದಿಂದ ಅವನು ಬೇಸತ್ತಿರುತ್ತಾನೆ. ಈ ಹತ್ತು ನಿಮಿಷಕ್ಕೂ ಕೂಲಿ ಸೇರಿಸಿ ಕೊಡಿ. ಎಕರೆಗೆ ಇಷ್ಟು, ಟ್ಯಾಂಕಿಗೆ ಇಷ್ಟು ಎಂದು ಗುತ್ತಿಗೆ ಮಾತನಾಡಿ ಅವಸರ ಪಡಿಸುವವರು ನಾವೇ ಆಗಿ, ಅವರು ತೊಳೆಯಲಿಲ್ಲ ಎಂದು ದೂರುವುದು ಸರಿಯಲ್ಲ.

ದೊಡ್ಡ ಯಂತ್ರಗಳನ್ನು ಕೊಳ್ಳುವ ಮನಸ್ಸಿದ್ದವರಿಗೆ ಒಂದು ಸೂಚನೆ. ವರ್ಷಕ್ಕೆ ನಾಲ್ಕು ದಿನ ಬಳಸುವ ಯಂತ್ರಕ್ಕೆ ಸಾಲ ಮಾಡಬೇಡಿ. 2014-15ರಿಂದ ಕರ್ನಾಟಕದಲ್ಲಿ ಕೃಷಿ ಯಂತ್ರಧಾರೆ ಯೋಜನೆಯಡಿ ಬಾಡಿಗೆ ಕೇಂದ್ರಗಳು ಆರಂಭವಾಗಿವೆ. ಬಾಡಿಗೆಗೆ ತಂದಾಗಲೂ ಮೇಲಿನ ಪ್ರಶ್ನೆಗಳನ್ನು ಮರೆಯಬೇಡಿ.

ಕೊನೆಯದಾಗಿ, ಈ ವಾಚನಾಲಯದಿಂದ ಮನೆಗೆ ಹೋದ ಮೇಲೆ ನಿಮ್ಮ ಕೊಟ್ಟಿಗೆಯ ಹಿಂಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ಬಿದ್ದಿರುವ ಪಂಪಿನ ಮುಚ್ಚಳ ತೆಗೆದು ನೋಡಿ, ಮಕ್ಕಳು ದನಗಳಿಂದ ದೂರದಲ್ಲಿ ಮೂರು ಸಲ ತೊಳೆದು, ಸವೆದ ವಾಷರ್ ಬದಲಾಯಿಸಿ, ಬೀಗವಿರುವ ಕಡೆ ಬೋರಲಾಗಿ ಇಡಿ. ಬರುವ ಆಯುಧಪೂಜೆಗೆ ಅದೂ ಸಾಲಿನಲ್ಲಿ ಕುಂಕುಮ ಹಚ್ಚಿಸಿಕೊಂಡು ನಿಲ್ಲಲಿ.